ಹೈಕೋರ್ಟು ಓದುವುದು ಮಂಡ್ಯದಲ್ಲಿ ಬರೆದದ್ದನ್ನೇ

ಮದ್ದೂರು, ಮಳವಳ್ಳಿ ಕಡೆಯ ಕೊಲೆ ಪ್ರಕರಣವೊಂದರಲ್ಲಿ ಕೆಳಗೆ ಜೀವಾವಧಿಯಾದವರು ಹೈಕೋರ್ಟಿನಲ್ಲಿ ಬಿಡುಗಡೆಯಾದರೆ, ಸತ್ತವರ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು ‘ದುಡ್ಡು ಕೆಲ್ಸ ಮಾಡ್ತು’. ಸಂಕಟದ ಮಾತು, ಹೀಗಳೆಯುವಂತಿಲ್ಲ. ಆದರೆ ಕೆಳಗಿನ ಕೋರ್ಟಿನಲ್ಲಿ ಸಾಕ್ಷಿಗಳು ಏನು ಹೇಳಿದ್ದರೆಂದು ವಕೀಲರಿಂದ ಒಮ್ಮೆ ಓದಿಸಿಕೊಳ್ಳಲಿ.

ಅಪೀಲಿನಲ್ಲಿ ಹೈಕೋರ್ಟು ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡುತ್ತದೆ, ನಿಜ. ಸಾಕ್ಷಿಗಳನ್ನು ಮತ್ತೆ ಕರೆಸುವುದು ಮಾತ್ರ ಅಪರೂಪ. ಊರಿನವರು ರಾಜಿ ಮಾಡಿಸಿ, ಕಟಕಟೆಯಲ್ಲಿ ‘ನಾನೇನೂ ನೋಡ್ಲಿಲ್ಲ ಸ್ವಾಮಿ’ ಎಂದು ಉಲ್ಟಾ ಹೊಡೆಸಿದ ಮೇಲೆ, ಬೆಂಗಳೂರಿನಲ್ಲಿ ಎಂಥ ವಕೀಲರನ್ನು ಇಟ್ಟರೂ ಓದಲು ಏನು ಉಳಿದಿರುತ್ತದೆ?

ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್‌ನಲ್ಲಿ, ಆಗಿನ ಕೋಲಾರ ಜಿಲ್ಲೆಯ ಆ ಹಳ್ಳಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. ಸರ್ಕಾರ ಅಪೀಲು ಹೋಯಿತು. 2014ರಲ್ಲಿ ಹೈಕೋರ್ಟು ಆ ಖುಲಾಸೆಯನ್ನೇ ಎತ್ತಿಹಿಡಿಯಿತು. ಇಡೀ ನಾಡು ನೋಡುತ್ತಿದ್ದ ಪ್ರಕರಣದ ಗತಿಯೇ ಇದು. ಖುಲಾಸೆಯ ವಿಷಯದಲ್ಲಿ ಕಾನೂನಿನ ಪಟ್ಟೂ ಬಿಗಿ: ಸಾಕ್ಷ್ಯದಿಂದ ಎರಡು ತೀರ್ಮಾನಕ್ಕೆ ದಾರಿಯಿದ್ದರೆ ಬಿಟ್ಟದ್ದನ್ನು ಕೆದಕಬಾರದೆಂದು 2007ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಸರಿಯಾದ ಮಾತೇ. ನಾಳೆ ಸುಳ್ಳು ಕೇಸಿನಲ್ಲಿ ಸಿಕ್ಕಿಬೀಳುವವನು ನಮ್ಮ ಮನೆಯವನೂ ಆಗಬಹುದು.

ನೊಂದವರಿಗೆ ದಾರಿಯೇ ಇಲ್ಲವೆಂದಲ್ಲ. 2009ರ ಕೊನೆಯ ದಿನ ಜಾರಿಗೆ ಬಂದ ತಿದ್ದುಪಡಿಯಿಂದ ಖುಲಾಸೆಯ ವಿರುದ್ಧ ಅವರೇ ಅಪೀಲು ಹಾಕಬಹುದು, ಸರ್ಕಾರದ ಬಾಗಿಲು ಕಾಯಬೇಕಿಲ್ಲ. ಇದಕ್ಕೆ ಮೊದಲು ಕೋರ್ಟಿನ ಅನುಮತಿ ಬೇಡುವ ಅಗತ್ಯವೂ ಇಲ್ಲವೆಂದು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅದೂ ಕರ್ನಾಟಕದಿಂದ ಹೋದ ಪ್ರಕರಣವೇ. ಮಳವಳ್ಳಿಯ ಮ್ಯಾಜಿಸ್ಟ್ರೇಟ್ ಕೋರ್ಟು ಹಲ್ಲೆಕೋರನನ್ನು ಬಿಟ್ಟರೆ ಬೆಂಗಳೂರಿಗೂ ಹೋಗಬೇಕಿಲ್ಲ, ಜಿಲ್ಲೆಯ ಸೆಷನ್ಸ್ ನ್ಯಾಯಾಲಯವೇ ಆ ಅಪೀಲು ಕೇಳುತ್ತದೆ. ಶಿಕ್ಷೆ ಸಾಲದು ಎಂಬ ಕಾರಣಕ್ಕೆ ಮಾತ್ರ ನೊಂದವರು ಅಪೀಲು ಹೋಗುವಂತಿಲ್ಲ. ಅದು ಸರ್ಕಾರಕ್ಕೆ ಬಿಟ್ಟದ್ದು.

ಹೆಂಗಸರಿಗೂ ಪರಿಶಿಷ್ಟರಿಗೂ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕೇಳುವವರು ಬೇಕು, ಹೇಳುವವರೂ ಬೇಕು.

ಇಷ್ಟಾದರೂ ಅಪೀಲಿಗೆ ಜೀವ ಬರುವುದು ಸಾಕ್ಷಿಯಿಂದ. ಸಾಕ್ಷಿ ರಕ್ಷಣಾ ಯೋಜನೆಗೆ 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಬಲ ಕೊಟ್ಟಿತು. ಹೆದರಿದ ಸಾಕ್ಷಿ ಅರ್ಜಿ ಕೊಟ್ಟರೆ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ರಕ್ಷಣೆಗೆ ಆದೇಶಿಸಬಹುದು. ಆ ಅರ್ಜಿ ತೆಗೆದುಕೊಳ್ಳಬೇಕಾದವರು ಜಿಲ್ಲೆಯ ಸರ್ಕಾರಿ ಅಭಿಯೋಜನೆಯ ಮುಖ್ಯಸ್ಥರು. ಸಮನ್ಸ್ ಹಿಡಿದು ಹಳ್ಳಿಗೆ ಹೋಗುವ ಪೇದೆ ಈ ಒಂದು ಸಂಗತಿಯನ್ನೂ ಸಾಕ್ಷಿಯ ಕಿವಿಗೆ ಹಾಕಿ ಬರುವ ಹಾಗೆ ಮಂಡ್ಯದ ಪೊಲೀಸ್ ವರಿಷ್ಠರು ಆದೇಶ ಹೊರಡಿಸಲಿ.