ವಾಹನ ವಿಚಾರ: ಹಿಂದಿನ ದೀಪದ ಕಣ್ಣಾಮುಚ್ಚಾಲೆ



ಕಳಂಬೋಲಿಯಲ್ಲಿ ಟ್ರೇಲರ್ ಇಟ್ಟುಕೊಂಡು ನ್ಹಾವಾ ಶೇವಾ ಬಂದರಿನಿಂದ ಕಂಟೇನರ್ ಸಾಗಿಸುವ ನಮ್ಮ ಸದಸ್ಯರೊಬ್ಬರು ಒಂದು ಸಂಜೆ ಫೋನ್ ಮಾಡಿದರು. "ಬ್ರೇಕ್ ತುಳಿದರೆ ಹಿಂದಿನ ಇಂಡಿಕೇಟರ್ ಮಂಕಾಗಿ ಹತ್ತುತ್ತದೆ, ಟೇಲ್ ಲ್ಯಾಂಪ್ ಆರುತ್ತದೆ ಮಾರಾಯ್ರೆ. ಬಲ್ಬ್ ಬದಲಿಸಿದೆ, ಫ್ಯೂಸ್ ಬದಲಿಸಿದೆ, ಪ್ರಯೋಜನವಿಲ್ಲ. ಡ್ರೈವರ್ ಗಾಡಿ ಹತ್ತುವುದಿಲ್ಲ ಎಂದು ಕುಳಿತಿದ್ದಾನೆ." ಲೋಡು ಆ ರಾತ್ರಿಯೇ ಪುಣೆಗೆ ಹೋಗಬೇಕಿತ್ತು. ಹುಡುಗ ಕುಳಿತದ್ದೇ ಸರಿ ಎಂದೆ. ಸಯಾನ್-ಪನ್ವೇಲ್ ರಸ್ತೆಯಲ್ಲಿ ಕತ್ತಲೆಗೆ ದೀಪವಿಲ್ಲದ ಟ್ರೇಲರ್ ನಿಂತರೆ, ಹಿಂದೆ ಬರುವ ಮೋಟರ್‌ಸೈಕಲ್ ಸವಾರನ ಪಾಲಿಗೆ ಅದು ಗೋಡೆಯೇ.

ಒಂದು ದೀಪ ಹತ್ತಿಸಲು ಹೋದರೆ ಇನ್ನೊಂದು ಹತ್ತುತ್ತದೆ ಎಂದಾದರೆ ಮೊದಲ ಸಂಶಯ ಅರ್ಥಿಂಗ್ ಮೇಲಿರಲಿ. ಬಲ್ಬಿಗೆ ಹೋದ ಕರೆಂಟು ಬ್ಯಾಟರಿಗೆ ಮರಳಲೇಬೇಕು. ಮರಳುವ ದಾರಿ ಕಡಿದರೆ ಅದು ಪಕ್ಕದ ಬಲ್ಬಿನೊಳಗೆ ನುಗ್ಗಿ ಕಳ್ಳದಾರಿ ಹಿಡಿಯುತ್ತದೆ. ಟ್ರೇಲರನ್ನು ಮುಂದಿನ ಗಾಡಿಗೆ ಜೋಡಿಸುವ ಪಿನ್ನು ಕಬ್ಬಿಣದ್ದೇ, ಅದೇ ಸಾಕಲ್ಲ ಎನ್ನುವವರಿದ್ದಾರೆ. ಅಲ್ಲಿ ತುಂಬಿರುವುದು ಗ್ರೀಸು! ಆದ್ದರಿಂದಲೇ ಏಳು ಪಿನ್ನಿನ ಸಾಕೆಟ್ಟಿನಲ್ಲಿ ಅರ್ಥಿಂಗಿಗೆಂದೇ ಒಂದು ಪಿನ್ ಇದೆ. 24 ವೋಲ್ಟಿನ ಗಾಡಿಯಲ್ಲಿ 21 ವ್ಯಾಟಿನ ಒಂದು ಬಲ್ಬಿಗೆ ಸುಮಾರು 0.9 ಆಂಪಿಯರ್ ಬೇಕು. ಹಿಂದಿನ ಎಲ್ಲ ಬಲ್ಬುಗಳ ಕರೆಂಟೂ ಆ ಒಂದೇ ತಂತಿಯಲ್ಲಿ ಮರಳುತ್ತದೆ. ಅದು ಉಳಿದ ತಂತಿಗಳಿಗಿಂತ ದಪ್ಪವಿರಬೇಕು. ಬಣ್ಣ ನೋಡಿ ನಂಬಬೇಡಿ. ಹಳೆಯ ಟ್ರೇಲರಿನಲ್ಲಿ ಯಾರು ಯಾವ ಬಣ್ಣದ ತಂತಿ ಸೇರಿಸಿದ್ದಾರೋ ದೇವರೇ ಬಲ್ಲ.

ಪರೀಕ್ಷೆಗೆ ಉದ್ದನೆಯ ತಂತಿಯೊಂದು ಸಾಕು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ತಂತಿಯ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಟ್ಟಿ. ಒಬ್ಬರು ಬ್ರೇಕ್ ತುಳಿದಿರಲಿ. ಇನ್ನೊಂದು ತುದಿಯನ್ನು ದೀಪದ ಅರ್ಥಿಂಗ್ ಸ್ಕ್ರೂಗೆ ಮುಟ್ಟಿಸಿದಾಗ ಎಲ್ಲವೂ ಸರಿಯಾಗಿ ಹತ್ತಿದರೆ ಬಲ್ಬು ನಿರಪರಾಧಿ. ನಂತರ ಟ್ರೇಲರಿನ ಚಾಸಿಯ ಬೋಲ್ಟು, ಪ್ಲಗ್ಗು, ಸಾಕೆಟ್ಟು ಎಂದು ಮುಂದಕ್ಕೆ ಮುಟ್ಟಿಸುತ್ತ ಬನ್ನಿ. ಎಲ್ಲಿಯವರೆಗೆ ಗುಣವಾಗುತ್ತದೆ, ಎಲ್ಲಿಂದ ಆಗುವುದಿಲ್ಲ, ಆ ಎರಡರ ನಡುವೆಯೇ ರೋಗವಿದೆ.

ಮೀಟರ್ ಇದ್ದವರು ಬ್ಯಾಟರಿಯ ನೆಗೆಟಿವ್‌ಗೂ ದೀಪದ ಅರ್ಥಿಂಗಿಗೂ ನಡುವೆ ವೋಲ್ಟು ಅಳೆಯಿರಿ. ಸೊನ್ನೆಯ ಹತ್ತಿರವಿರಬೇಕು; ಅರ್ಧ ವೋಲ್ಟು ದಾಟಿದರೆ ದಾರಿ ಕೆಟ್ಟಿದೆ. ಆದರೆ ದೀಪ ಹಾಕಿಯೇ ಅಳೆಯಬೇಕು. ದೀಪ ಆರಿಸಿ ಅಳೆದು "ಎಲ್ಲ ಸರಿಯಿದೆ" ಎಂದ ಗ್ಯಾರೇಜಿನವರನ್ನು ನಾನು ಕಂಡಿದ್ದೇನೆ. ಕರೆಂಟೇ ಹರಿಯದಾಗ ತಪ್ಪು ತೋರುವುದಾದರೂ ಹೇಗೆ?

ನಮ್ಮ ಸದಸ್ಯರ ತಂತಿ ಪ್ಲಗ್ಗಿನವರೆಗೆ ಗುಣ ಕೊಟ್ಟಿತು, ಸಾಕೆಟ್ಟಿನಲ್ಲಿ ಕೊಡಲಿಲ್ಲ. ಬಿಚ್ಚಿ ನೋಡಿದರೆ ಅರ್ಥಿಂಗ್ ಪಿನ್ನಿಗೆ ಹಸಿರು ಕಿಲುಬು. ಉರಣದ ಉಪ್ಪುಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಪಿನ್ನನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಚಾಸಿಯ ಬೋಲ್ಟಿನ ಕೆಳಗಿನ ಬಣ್ಣವನ್ನೂ ಲೋಹ ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿಸಿದೆವು. ವ್ಯಾಸಲೀನ್ ಬಿಗಿದ ಮೇಲೆ, ಮೊದಲಲ್ಲ.

ಹತ್ತೂವರೆಗೆ ಡ್ರೈವರ್ ತಾನೇ ಹಿಂದೆ ಹೋಗಿ ಎಲ್ಲ ದೀಪ ನೋಡಿ ಬಂದು ಗಾಡಿ ಹತ್ತಿದ.