ಕೈರುಚಿ ಅನ್ನೋ ಸೋಮಾರಿತನ

ಯುಗಾದಿ ಬಂತು ಅಂದ್ರೆ ಸಾಕು, ನಮ್ಮ ಬ್ಲಾಗುಗಳಲ್ಲೆಲ್ಲ ಒಂದೇ ಘಮ. ಊರು ಬಿಟ್ಟು ಬಂದವರೆಲ್ಲ ಕೀಬೋರ್ಡ್ ಮುಂದೆ ಕೂತು ಅಮ್ಮನ ಅಡುಗೆಮನೆಗೆ ಹೋಗಿಬಿಡ್ತೀವಿ. ಒಬ್ಬಟ್ಟಿನ ಸಾರು, ಮಾರನೇ ದಿನದ ಹೊಸತೊಡಕಿನ ಕೋಳಿ ಸಾರು, ಕೊನೆಗೆ "ಏನೇ ಹೇಳಿ, ಅಮ್ಮನ ಕೈರುಚಿ ಯಾರಿಗೂ ಬರಲ್ಲ" ಅಂತ ಒಂದು ಸಾಲು. ಕೆಳಗೆ ಇಪ್ಪತ್ತು ಕಾಮೆಂಟು, ಅರ್ಧದಷ್ಟು "ಕಣ್ಣಲ್ಲಿ ನೀರು ಬಂತು". ನಾನೂ ಬರೆದಿದ್ದೀನಿ. ಇದೇ ಬ್ಲಾಗಿನಲ್ಲಿದೆ, ಹುಡುಕಿದ್ರೆ ಸಿಗುತ್ತೆ. ದಯವಿಟ್ಟು ಹುಡುಕಬೇಡಿ :-)

ಈಗ ಆ ಮಾತನ್ನ ವಾಪಸ್ ತಗೊಳ್ತಿದ್ದೀನಿ. ಕೈರುಚಿ ಅನ್ನೋದು ಅಡುಗೆ ಕಲಿಯದೇ ಇರೋದಕ್ಕೆ ನಾವು ಕಂಡುಕೊಂಡಿರೋ ನೆಪ. ಬೈಯೋದಿದ್ರೆ ಪೂರ್ತಿ ಓದಿ ಬೈಯಿರಿ.

ಹೊಸದಾಗಿ ಬಂದವರಿಗೆ ಸ್ವಲ್ಪ ಹಿನ್ನೆಲೆ. ನಮ್ಮದು ಮೂಲ ಮಂಡ್ಯ ಕಡೆ. ಆದ್ರೆ ನಾನು ಹುಟ್ಟಿ ಬೆಳೆದಿದ್ದು ದಾಂಡೇಲಿ ಹತ್ತಿರದ ಅಂಬಿಕಾನಗರದಲ್ಲಿ, ಕೆಪಿಸಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ. ಕೆಳಗೆ ಕಣಿವೆಯಲ್ಲಿ ಕಾಳಿ ನದಿಯ ನೀರಿಂದ ಕರೆಂಟು ಮಾಡೋ ನಾಗಝರಿ ಪವರ್‌ಹೌಸು, ಮೇಲೆ ನಾವು, ಸುತ್ತ ಕಾಡು. ಕಾಲೋನಿ ಅಂದ್ಮೇಲೆ ಎಲ್ಲ ಜಿಲ್ಲೆಯವರೂ ಇರ್ತಾರೆ. ಒಂದು ಮನೇಲಿ ಜೋಳದ ರೊಟ್ಟಿ ತಟ್ಟೋ ಸದ್ದು, ಪಕ್ಕದ ಮನೇಲಿ ಮೀನು ಸಾರು, ನಮ್ಮ ಮನೇಲಿ ಮುದ್ದೆ.

2025ರ ಯುಗಾದಿಗೆ ಹತ್ತು ದಿನ ಮುಂಚೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡ್ರು. ಮೊಣಕೈವರೆಗೂ ಪ್ಲಾಸ್ಟರು. ನಾನು ಬೆಂಗಳೂರಿಂದ ಬಂದೆ. ಹಬ್ಬದ ದಿನ ಅಪ್ಪ ಯಾರದೋ ಕೈಲಿ ಒಬ್ಬಟ್ಟು ತರಿಸಿದ್ರು, ಸರಿಹೋಯ್ತು. ಆದ್ರೆ ಮಾರನೇ ದಿನ ಮಾರ್ಚ್ 31, ಸೋಮವಾರ, ತೊಡಕು. ಪ್ರತಿ ವರ್ಷ ಅವತ್ತು ನಾಲ್ಕು ಮನೆಯವರು ನಮ್ಮಲ್ಲಿ ಊಟಕ್ಕೆ ಬರೋದು ರೂಢಿ. ಬೇಡ ಅಂತ ಹೇಳಿಬಿಡೋಣ ಅಂದೆ. "ಯಾಕೆ, ನಿನ್ ಕೈಗೇನಾಗೈತೆ?" ಅಂದ್ರು ಅಮ್ಮ.

ಅವತ್ತೇ ರಂಜಾನ್ ಬೇರೆ. ದಾಂಡೇಲಿಯಲ್ಲಿ ನಾಟಿ ಕೋಳಿ ಸಿಗೋದ್ರೊಳಗೆ ಅಪ್ಪನಿಗೆ ಸಾಕಾಗಿತ್ತು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸ್ಕೊಂಡು ಕೂತ್ರು. ನಾನು ಒಲೆ ಮುಂದೆ.

ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗಿದ್ದು, ನಾನು ಇಷ್ಟು ವರ್ಷ ಮಾಡ್ತಿದ್ದದ್ದು ಸಾರೇ ಅಲ್ಲ, ಮಸಾಲೆ ಪುಡಿ ಕಲಸಿದ ಬಿಸಿನೀರು. ಬೆಂಗಳೂರಿನ ರೂಮಲ್ಲಿ ಈರುಳ್ಳಿ ಬಾಡಿದ ತಕ್ಷಣ ಚಿಕನ್, ಪ್ಯಾಕೆಟ್ ಮಸಾಲೆ, ಎರಡು ಲೋಟ ನೀರು, ಕುಕ್ಕರ್ ಮುಚ್ಚಳ. ಇಲ್ಲಿ ಈರುಳ್ಳಿ ಕೆಂಪಾಗೋದಕ್ಕೇ ಕಾಲು ಗಂಟೆ. ಆಮೇಲೆ ಕೋಳಿ, ಅರಿಶಿನ, ಉಪ್ಪು. ಕೋಳಿ ತನ್ನ ನೀರು ಬಿಟ್ಟು, ಆ ನೀರೆಲ್ಲ ಇಂಗಿ, ಪಾತ್ರೆ ತಳ ಕಂದು ಬಣ್ಣಕ್ಕೆ ತಿರುಗ್ತಾ ಬಂತು. ಸೀದೋಗ್ತಿದೆ ಅಂತ ನಾನು ನೀರಿನ ಚೊಂಬಿಗೆ ಕೈ ಹಾಕಿದೆ.

"ಬಿಡು ಮಗ, ತಳ ಹಿಡೀಲಿ."

ಇನ್ನೆರಡು ನಿಮಿಷ ಬಿಟ್ಟು ಒಂದು ಸೌಟು ಬಿಸಿನೀರು ಹಾಕಿಸಿ, ತಳ ಕೆರೆಸಿದ್ರು. ಆ ಕಂದು ಅಂಟೆಲ್ಲ ಕರಗಿ ಎಸರಿಗೆ ಸೇರ್ತು. ಸಾರಿನ ಅರ್ಧ ರುಚಿ ಅದು. ನೀರಿರೋ ತನಕ ಪಾತ್ರೆಯೊಳಗಿನ ಬಿಸಿ 100 ಡಿಗ್ರಿ ದಾಟಲ್ಲ. ನೀರು ಹೋದ ಮೇಲೇ ಮಾಂಸದ ಪ್ರೋಟೀನು, ಸಕ್ಕರೆ ಸೇರಿ ಜೋರಾಗಿ ಕಂದಾಗಿ ಆ ಹುರಿದ ಘಮ ಹುಟ್ಟೋದು. ಮೈಲಾರ್ ಅನ್ನೋ ಫ್ರೆಂಚ್ ವಿಜ್ಞಾನಿ 1912ರಲ್ಲಿ ಈ ಕ್ರಿಯೆ ಬಗ್ಗೆ ಬರೆದ. ಅಮ್ಮನಿಗೆ ಮೈಲಾರ್ ಅಂದ್ರೆ ಮೈಲಾರಲಿಂಗ ಮಾತ್ರ ಗೊತ್ತು. ಆದ್ರೆ ಯಾವಾಗ ನೀರು ಹಾಕಬಾರದು ಅನ್ನೋದು ನನಗಿಂತ ಚೆನ್ನಾಗಿ ಗೊತ್ತು.

ಮಸಾಲೆನೂ ಅಷ್ಟೇ. ಕೊತ್ತಂಬರಿ ಬೀಜ, ಮೆಣಸು, ಗಸಗಸೆ, ಮೆಣಸಿನಕಾಯಿ, ತೆಂಗಿನಕಾಯಿ ಎಲ್ಲ ಒಟ್ಟಿಗೆ ಹುರಿಯೋಕೆ ಹೋದೆ, ಬೈಸ್ಕೊಂಡೆ. ಗಸಗಸೆ ಚಿಟಿಕೆ ಹೊಡೆಯೋದ್ರೊಳಗೆ ಸೀಯುತ್ತೆ, ಕೊತ್ತಂಬರಿ ಬೀಜಕ್ಕೆ ಹೊತ್ತು ಬೇಕು, ಹಾಗಾಗಿ ಬೇರೆ ಬೇರೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಒಂದರ ಕೆಲಸ ಇನ್ನೊಂದಕ್ಕೆ ಬರಲ್ಲ. ರುಬ್ಬಿದ ಮಸಾಲೆಯನ್ನ ಎಣ್ಣೆ ಬಿಡೋ ತನಕ ಬಾಡಿಸಬೇಕು, ಘಮದ ಅಂಶ ಹೆಚ್ಚಾಗಿ ಕರಗೋದು ಎಣ್ಣೆಯಲ್ಲೇ. ಮಿಕ್ಸಿ ಜಾರು ತೊಳೆದ ನೀರನ್ನ ಸಿಂಕಿಗೆ ಚೆಲ್ಲೋಕೆ ಹೋದಾಗ ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಿದ್ರು.

ಒಂದೂವರೆ ಗಂಟೆ ಬೆಂದ ಮೇಲೆ ಊಟಕ್ಕೆ ಕೂತ್ವಿ. ಪಕ್ಕದ ಮನೆ ಅಂಕಲ್ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಕೊಂಡು ಹೇಳಿದ್ರು: "ಅಕ್ಕಾ, ನಿಮ್ಮ ಕೈರುಚಿ ಮಾತ್ರ ಬದಲಾಗಲಿಲ್ಲ ನೋಡಿ."

ಯಾವ ಕೈ ಅಂಕಲ್?! ಆ ಕೈ ಕುತ್ತಿಗೆಯಿಂದ ಜೋಲಿ ಕಟ್ಟಿಸ್ಕೊಂಡು ಅವರ ಎದುರಿಗೇ ಇತ್ತು!

ಅವರನ್ನ ಬೈತಿಲ್ಲ. ನಾನೂ ಅದೇ ಹೇಳ್ತಿದ್ದೆ. ನಾವು ಹೊಗಳೋವಾಗ ನಮ್ಮ ಕಣ್ಣಿಗೆ ಆ ಮೂರು ಗಂಟೆ ಕಾಣಲ್ಲ. ರುಚಿ ಕೈಯಲ್ಲಿ ಹುಟ್ಟಿಬಿಡುತ್ತೆ ಅಂದ್ರೆ ಯಾರೂ ಕಲೀಬೇಕಾಗಿಲ್ಲ, ಯಾರೂ ಒಲೆ ಮುಂದೆ ನಿಲ್ಲಬೇಕಾಗಿಲ್ಲ. ಅವರು ಮಾಡ್ತಾ ಇರಲಿ, ನಾವು ಕಣ್ಣೀರು ಹಾಕ್ತಾ ಇರೋಣ. ಆಫೀಸಿನಲ್ಲಿ ಯಾರಾದ್ರೂ ಸೀನಿಯರ್ರು "ಈ ಕೋಡು ನನ್ನ ಕೈಗುಣ, ಡಾಕ್ಯುಮೆಂಟು ಕೇಳಬೇಡಿ" ಅಂದ್ರೆ ಸುಮ್ನಿರ್ತೀವಾ?

"ಇದೆಲ್ಲ ತಲೆತಲಾಂತರದಿಂದ ಬಂದಿದ್ದು, ಕಲಿಸಿದ್ರೆ ಬರಲ್ಲ" ಅನ್ನೋರಿಗೆ ಒಂದು ಸುದ್ದಿ. ನಮ್ಮಮ್ಮನ ಸಾರಿನ ಗುಟ್ಟು ಅಂತ ನಾವೆಲ್ಲ ಅಂದ್ಕೊಂಡಿದ್ದ, ತೆಂಗಿನಕಾಯಿಯನ್ನ ಕಂದಾಗೋ ತನಕ ಹುರಿಯೋ ಪದ್ಧತಿ ಮಂಡ್ಯದ್ದೇ ಅಲ್ಲ. ನಮ್ಮಜ್ಜಿ ಹಸಿಕಾಯಿ ರುಬ್ಬಿ ಹಾಕ್ತಿದ್ರು. ಅಮ್ಮ ಮದುವೆಯಾಗಿ ಕಾಲೋನಿಗೆ ಬಂದಾಗ ಎದುರು ಮನೆಯಲ್ಲಿದ್ದ ಅಂಕೋಲೆಯ ಆಂಟಿ ಹತ್ತಿರ ಕಲಿತಿದ್ದು. ಅವರು ವಡೆ ಜೊತೆ ಮಾಡೋ ಕೋಳಿ ಸಾರಿನಿಂದ ಬಂದಿದ್ದು. ಇದನ್ನೂ ಅವತ್ತೇ ಕೇಳಿ ತಿಳ್ಕೊಂಡೆ. ಅಷ್ಟು ವರ್ಷ ಕೇಳಿರಲೇ ಇಲ್ಲ.

ಬರೆದಿಡೋದು ನಮ್ಮ ಸಂಪ್ರದಾಯ ಅಲ್ಲ ಅಂತಲೂ ಹೇಳಬೇಡಿ. ಚಾವುಂಡರಾಯನ ಲೋಕೋಪಕಾರದಲ್ಲಿ, ಅಂದ್ರೆ 1025ರ ಹೊತ್ತಿಗೇ, ಅಡುಗೆಗೊಂದು ಅಧ್ಯಾಯ ಇದೆ. ಹದಿನಾರನೇ ಶತಮಾನದಲ್ಲಿ ಮೂರನೇ ಮಂಗರಸ ಸೂಪಶಾಸ್ತ್ರ ಅಂತ ಇಡೀ ಪುಸ್ತಕವನ್ನೇ ಪದ್ಯದಲ್ಲಿ ಬರೆದ. ಆತ ಜೈನ, ಕೋಳಿ ಸಾರು ಸಿಗಲ್ಲ, ಇರಲಿ. ಆದ್ರೆ ಇಬ್ಬರೂ ಗಂಡಸರು ಅನ್ನೋದನ್ನ ಗಮನಿಸಿ.

2023ರ ನವೆಂಬರಿನಲ್ಲಿ ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿದ್ದಾಗ ಮ್ಯಾನೇಜರು ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಮನೆಗೆ ಕರೆದಿದ್ರು. ಟರ್ಕಿ ಕೋಳಿ. ನಿಜ ಹೇಳ್ಬೇಕಂದ್ರೆ ಅದರ ಎದೆ ಮಾಂಸ ಒಣಗಿದ ಹತ್ತಿ, ಗ್ರೇವಿ ಇಲ್ಲದೆ ಗಂಟಲಲ್ಲಿ ಇಳಿಯಲ್ಲ. ಆ ಗ್ರೇವಿ ಮಾಡಿದ್ದು ಮ್ಯಾನೇಜರೇ. ಕೋಳಿ ಬೆಂದ ಟ್ರೇಯಲ್ಲಿ ಉಳಿದ ಜಿಡ್ಡಿಗೆ ಮೈದಾ ಹಾಕಿ ಹುರಿದು, ಕುತ್ತಿಗೆ ಮೂಳೆ ಬೇಯಿಸಿದ ನೀರು ಸ್ವಲ್ಪ ಸ್ವಲ್ಪವೇ ಸುರಿದು, ಮರದ ಸೌಟಲ್ಲಿ ತಳ ಕೆರೆದು ಕೆರೆದು ತೆಗೆದ್ರು. ಪಕ್ಕದಲ್ಲಿ ಜಿಡ್ಡು ಹಿಡಿದ ಹಳೇ ಕಾರ್ಡು, ಅವರ ಅತ್ತೆಯ ಕೈಬರಹ, ಎಷ್ಟು ಚಮಚ ಅಂತ ಲೆಕ್ಕ ಸಮೇತ. ಆಗ ನನಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಅಮ್ಮ "ತಳ ಹಿಡೀಲಿ" ಅಂದಾಗ ನೆನಪಾಯ್ತು. ಅಲ್ಲೂ ಪ್ಯಾಕೆಟ್ ಗ್ರೇವಿ ಮಾರ್ತಾರೆ. ಇಲ್ಲಿನ ಪ್ಯಾಕೆಟ್ಟುಗಳಂತೂ ಅಮ್ಮನ ಹೆಸರಲ್ಲೇ ಮಾರಾಟ. ನಾವು ಬ್ಲಾಗಿನಲ್ಲಿ ಪುಕ್ಕಟೆ ಜಾಹೀರಾತು ಬರ್ಕೊಡ್ತಿದ್ದೀವಿ, ಅಷ್ಟೇ.

ಒಂದು ವಿಷಯ ಒಪ್ಕೊಳ್ತೀನಿ. ಕೊತ್ತಂಬರಿ ಬೀಜ ಹುರೀತಿದ್ದಾಗ ನನಗೆ ಯಾವ ವ್ಯತ್ಯಾಸವೂ ಗೊತ್ತಾಗಿರಲಿಲ್ಲ, ಅಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ "ವಾಸನೆ ತಿರುಗ್ತು, ಇಳಿಸು" ಅಂದ್ರು. ಅದನ್ನ ಹಾಳೆ ಮೇಲೆ ಬರೆಯೋಕಾಗಲ್ಲ. ಆದ್ರೆ ಅದು ಮೂವತ್ತು ವರ್ಷ ಅದೇ ಒಲೆ ಮುಂದೆ ನಿಂತು ಬಂದಿದ್ದು. ವರ ಅಂತ ಕರೆದ್ರೆ ಆ ಮೂವತ್ತು ವರ್ಷ ಲೆಕ್ಕಕ್ಕೇ ಇಲ್ಲದ ಹಾಗಾಗುತ್ತೆ.

ಉಳಿದಿದ್ದನ್ನ ಬರೆದಿದ್ದೀನಿ. ಒಂದೂವರೆ ಕೆಜಿ ನಾಟಿ ಕೋಳಿಗೆ ಮೂರು ದೊಡ್ಡ ಚಮಚ ಕೊತ್ತಂಬರಿ ಬೀಜ, ಹತ್ತು ಬ್ಯಾಡಗಿ, ನಾಲ್ಕು ಗುಂಟೂರು, ಒಂದು ಚಮಚ ಮೆಣಸು, ಒಂದು ಚಮಚ ಗಸಗಸೆ, ಅರ್ಧ ಹೋಳು ತೆಂಗಿನಕಾಯಿ, ಎರಡು ಇಂಚು ಚಕ್ಕೆ, ನಾಲ್ಕು ಲವಂಗ, ಒಂದು ಗಡ್ಡೆ ಬೆಳ್ಳುಳ್ಳಿ, ಹೆಬ್ಬೆರಳುದ್ದ ಶುಂಠಿ. ಓದಿ ಹೇಳಿದಾಗ ಅಮ್ಮ "ಗಸಗಸೆ ಜಾಸ್ತಿ ಬರ್ದಿದ್ದೀಯ" ಅಂದ್ರು, ತಿದ್ದೋಣ ಅಂದ್ರೆ ಎಷ್ಟು ಅಂತ ಹೇಳಲಿಲ್ಲ.

ಮುಂದಿನ ತೊಡಕಿಗೆ ಅಪ್ಪ ಮಾಡ್ತಾರಂತೆ. ಹಾಳೆ ಪ್ರಿಂಟ್ ತೆಗೆದು ಕೊಟ್ಟೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ ಮೊದಲ ಡೌಟು ಕೇಳಿದ್ರು: "ಮಿಕ್ಸಿ ಸಣ್ಣ ಜಾರು ಎಲ್ಲಿಡ್ತಾಳೆ ನಿಮ್ಮಮ್ಮ?"