ಹೆಸರಿನಾಗ ಮೋಸ, ಸೀಡ್ಯಾಗ ಇಲ್ಲ

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಪೈರಸಿ ಮಾತು ಬಂತು. ಗೆಳೆಯನೊಬ್ಬ ಕಾಫಿ ಹೀರುತ್ತಲೇ ತೀರ್ಪು ಕೊಟ್ಟುಬಿಟ್ಟ: “ನಿಮ್ಮ ಕಡೆ ಜನಕ್ಕೆ ದುಡ್ಡು ಕೊಟ್ಟು ಸಿನಿಮಾ ನೋಡೋ ಅಭ್ಯಾಸಾನೇ ಇಲ್ಲ ಬಿಡು ಗುರು. ಎಲ್ಲಾ ಮೊಬೈಲಲ್ಲಿ ಕದ್ದು ನೋಡೋರೇ.” ಅವನ ಫೋನಿನಲ್ಲಿ ನಾಲ್ಕು ಒಟಿಟಿ ಇವೆ. ಎರಡರ ಪಾಸ್‌ವರ್ಡ್ ಅವನ ಭಾವನದು, ಒಂದು ನನ್ನದು.

ನಾನು ಬನಹಟ್ಟಿಯವನು. ಅವತ್ತು ಸುಮ್ಮನಿದ್ದೆ. ಇವತ್ತು ಹೇಳಿಬಿಡ್ತೀನಿ. ನಮ್ಮ ಜನ ದುಡ್ಡು ಕೊಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಟ್ಟಿದ್ದು 28 ರೂಪಾಯಿ. ಸಾಕ್ಷಿ ನಮ್ಮ ಮನೆಯ ಅಟ್ಟದ ಮೇಲೆ, ರಟ್ಟಿನ ಡಬ್ಬದಲ್ಲಿ ಇನ್ನೂ ಇದೆ.

ಮೋಸರ್ ಬೇರ್ ನೆನಪಿದೆಯಾ? ಕಾಲೇಜಿನ ಪ್ರಾಜೆಕ್ಟ್ ರೈಟ್ ಮಾಡಿಸಿದ ಖಾಲಿ ಸೀಡಿಯ ಮೇಲೆ ಆ ಹೆಸರನ್ನು ನೀವೂ ಓದಿರುತ್ತೀರಿ. 1983ರಲ್ಲಿ ದೀಪಕ್ ಪುರಿ ದಿಲ್ಲಿಯಲ್ಲಿ ಶುರು ಮಾಡಿದ ಕಂಪನಿ ಅದು. ಮೊದಲು ತಯಾರಿಸಿದ್ದು ಕೆಲಸಗಾರರು ಬಂದ ಹೊತ್ತು, ಹೋದ ಹೊತ್ತು ದಾಖಲಿಸುವ ಯಂತ್ರ. ಆ ವಿಚಿತ್ರ ಹೆಸರು ಬಂದದ್ದು ಯಂತ್ರದ ತಂತ್ರಜ್ಞಾನ ಕೊಟ್ಟ ಸ್ವಿಟ್ಜರ್ಲೆಂಡಿನ ಕಂಪನಿಯಿಂದ. 1988ರಲ್ಲಿ ಫ್ಲಾಪಿಗೆ ಇಳಿದರು, 1999ರಲ್ಲಿ ಸೀಡಿಗೆ. ಸ್ವತಃ ಸೀಡಿ ತಯಾರಿಸುವವರಿಗೆ ಒಂದು ಗುಟ್ಟು ಗೊತ್ತಿರುತ್ತದೆ: ಆ ಪ್ಲಾಸ್ಟಿಕ್ ತಟ್ಟೆ ಅಂಥ ದುಬಾರಿ ವಸ್ತುವೇನಲ್ಲ. ಅಸಲಿ ವಿಸಿಡಿಗೆ ನೂರು ರೂಪಾಯಿಯ ಆಸುಪಾಸು ಕೀಳುತ್ತಿದ್ದ ಕಾಲದಲ್ಲಿ, 2007ರಲ್ಲಿ, ಇವರು ಬಂದು ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂದರು. ಹಿಂದಿ, ತಮಿಳು, ತೆಲುಗಿನ ಜೊತೆ ಕನ್ನಡದ್ದೂ ಇತ್ತು.

ಆ ಬೆಲೆಗೆ ನಮ್ಮ ಕಡೆ ಏನಾಯ್ತು ಅಂತ ಕೇಳಿ. ಅದಕ್ಕೂ ಮುಂಚೆ ಜಮಖಂಡಿ ಬಸ್ ಸ್ಟ್ಯಾಂಡಿನ ಹತ್ತಿರ, ಮುಧೋಳದ ಸಂತೆಯಲ್ಲಿ, ಬೀಳಗಿಯ ಮೊಬೈಲ್ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ನಕಲಿ ಮಾಲೇ. ನಾನೂ ಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅಸಲಿ ಬೇಕು ಅಂದರೂ ಇರುತ್ತಿರಲಿಲ್ಲ. ಇದ್ದರೂ ಆ ದುಡ್ಡಿಗೆ ಮನೆಮಂದಿಯೆಲ್ಲ ಟಾಕೀಸಿಗೇ ಹೋಗಿಬರಬಹುದಿತ್ತು. ಆಮೇಲೊಂದು ದಿನ ಜಮಖಂಡಿಯ ಅಂಗಡಿ ಕಾಕಾ ಹೊಸ ಮಾಲು ಮುಂದಿಟ್ಟರು. ನಾನು ಹೆಸರು ಓದಿ, “ಏನ್ ಕಾಕಾ, ಹೆಸರಿನಾಗ ಮೋಸ ಅಂತ ಐತಲ್ಲ?” ಅಂದೆ. “ಹೆಸರಿನಾಗ ಮೋಸ ಐತಿ ತಮ್ಮಾ, ಸೀಡ್ಯಾಗ ಇಲ್ಲ. ಒಯ್ಯಿ” ಅಂದರು. ನಕಲಿಗೂ ಅಸಲಿಗೂ ಇದ್ದ ಅಂತರ ಐದೋ ಹತ್ತೋ ರೂಪಾಯಿ. ಒಯ್ದೆ. ನಾನೊಬ್ಬನೇ ಅಲ್ಲ, ನಮ್ಮ ಓಣಿಯ ಅರ್ಧ ಜನ ಒಯ್ದರು.

ನಮ್ಮ ಮನೆಯ ಹಿಂದಿನ ಭಾಗದಲ್ಲಿ ನಾಲ್ಕು ಪವರ್‌ಲೂಮ್. ಮಗ್ಗ ನಿಂತ ಹೊತ್ತಿನಲ್ಲಷ್ಟೇ ಸಿನಿಮಾದ ಮಾತು ಕಿವಿಗೆ ಬೀಳೋದು. ಮಗ್ಗ ನಿಲ್ಲೋದೇ ಕರೆಂಟ್ ಹೋದಾಗ, ಕರೆಂಟ್ ಹೋದರೆ ಟೀವಿಯೂ ಇಲ್ಲ! ಹಾಗಾಗಿ ವಾರದ ರಜೆಯ ದಿನ ಓಣಿಯವರೆಲ್ಲ ನಮ್ಮ ಪಡಸಾಲೆಗೆ ಸೇರುತ್ತಿದ್ದರು. ಒಂದು ವಿಸಿಡಿಯಲ್ಲಿ ಹಿಡಿಯೋದು ಸುಮಾರು ಒಂದೂಕಾಲು ಗಂಟೆ, ಸಿನಿಮಾಕ್ಕೆ ಎರಡು ಡಿಸ್ಕ್. ಎರಡನೆಯದು ಹಾಕುವ ಹೊತ್ತಿಗೆ ಅವ್ವ ಚಹಾ ತರುತ್ತಿದ್ದಳು. ಅದೇ ನಮ್ಮ ಇಂಟರ್‌ವಲ್.

ಸಿನಿಮಾಕ್ಕೂ ಮುಂಚೆ ಬರುತ್ತಿತ್ತಲ್ಲ, ಕಂಪನಿಯ ಆ ಲೋಗೋ! ಸಂಗೀತದ ಜೊತೆ ಹೆಸರು ಮೂಡಿ ಬರುವ ಕೆಲವೇ ಸೆಕೆಂಡಿನ ಅನಿಮೇಷನ್. ಅದು ಬಂದ ಕೂಡಲೇ ಹುಡುಗರ ಗದ್ದಲ ನಿಲ್ಲುತ್ತಿತ್ತು. ನಮ್ಮಜ್ಜಿ ಮಾತ್ರ ಪ್ರತಿ ಸಲ ಕೇಳುತ್ತಿದ್ದಳು: “ಮೊಸರು ಬ್ಯಾರೆ ಅಂತಾನಲ್ಲೋ ಇಂವ, ಮಜ್ಜಿಗಿ ಬ್ಯಾರೆ ಕೊಡತಾನೇನು?”

ನಗಬೇಡಿ, ಆ ಕೆಲವು ಸೆಕೆಂಡಿಗೆ ದೊಡ್ಡ ಅರ್ಥ ಇತ್ತು. ನಕಲಿ ಸೀಡಿಗೆ ಲೋಗೋ ಇರಲ್ಲ. ಅದು ಶುರುವಾಗೋದೇ ಯಾವುದೋ ಊರಿನ ಟಾಕೀಸಿನಲ್ಲಿ ಕೂತವರ ತಲೆಗಳಿಂದ. ಕ್ಲೈಮ್ಯಾಕ್ಸಿಗೆ ಸರಿಯಾಗಿ ಒಬ್ಬ ಎದ್ದು ನಿಲ್ಲುತ್ತಾನೆ, ನಾಯಕನ ಮುಖ ಮಾಯ. ಲೋಗೋ ಬಂತು ಅಂದರೆ ಸಿನಿಮಾ ಪೂರ್ತಿ ಇದೆ, ಕದ್ದದ್ದಲ್ಲ, ನಾವು ದುಡ್ಡು ಕೊಟ್ಟಿದ್ದೇವೆ ಅಂತ ಅರ್ಥ. ನೇಕಾರರ ಓಣಿಗೆ ಅಸಲಿ ಮಾಲು, ನಕಲಿ ಮಾಲಿನ ವ್ಯತ್ಯಾಸವನ್ನು ಯಾರೂ ಕಲಿಸಬೇಕಿರಲಿಲ್ಲ. ಕೈಗೆಟುಕುವ ಬೆಲೆ ಇದ್ದರೆ ಸಾಕಿತ್ತು.

“ಅಷ್ಟು ಒಳ್ಳೇದಾಗಿದ್ರೆ ಆ ಕಂಪನಿ ಯಾಕೆ ಮುಳುಗ್ತು?” ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2018ರಲ್ಲಿ ಅದರ ಆಸ್ತಿ ಮಾರಿ ಸಾಲ ತೀರಿಸಲು ಕಂಪನಿ ಕಾನೂನು ನ್ಯಾಯಮಂಡಳಿ ಆದೇಶ ಕೊಟ್ಟಿತು. ಆದರೆ ಕಂಪನಿ ಅಷ್ಟರಲ್ಲಿ ಸೋಲಾರ್‌ಗೂ ದೊಡ್ಡ ಮೊತ್ತ ಸುರಿದು ಸಾಲದಲ್ಲಿ ಸಿಕ್ಕಿಕೊಂಡಿತ್ತು. ಪೆನ್‌ಡ್ರೈವ್, ಇಂಟರ್ನೆಟ್ ಬಂದು ಡಿಸ್ಕ್ ಅನ್ನೋದೇ ಬೇಡವಾಗಿತ್ತು. ಆ ಸೋಲನ್ನು 28 ರೂಪಾಯಿ ಕೊಟ್ಟ ನೇಕಾರನ ತಲೆಗೆ ಕಟ್ಟಬೇಡಿ. ಅಷ್ಟು ಕಡಿಮೆ ಬೆಲೆಯಲ್ಲಿ ನಿರ್ಮಾಪಕನಿಗೆ ಎಷ್ಟು ಸಿಗುತ್ತೆ ಅನ್ನೋ ಪ್ರಶ್ನೆಯೂ ಸರಿಯೇ. ಆದರೆ ನಕಲಿ ಸೀಡಿಯಿಂದ ಅವನಿಗೆ ಸಿಗುತ್ತಿದ್ದದ್ದು ಸೊನ್ನೆ. ಸೊನ್ನೆಗಿಂತ ನಾಲ್ಕು ಕಾಸು ಹೆಚ್ಚು ಅನ್ನೋ ಲೆಕ್ಕಕ್ಕೆ ಎಂಬಿಎ ಬೇಕಾಗಿಲ್ಲ.

ಈಗೇನಾಗಿದೆ ನೋಡಿ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಒಂದು ಹಳೇ ಕನ್ನಡ ಸಿನಿಮಾ ಕೇಳಿದರು. ನನ್ನ ಚಂದಾ ಇರುವ ಯಾವ ಆ್ಯಪಿನಲ್ಲೂ ಅದು ಇರಲಿಲ್ಲ. ಅಕ್ಕನ ಮಗ ಎರಡು ನಿಮಿಷದಲ್ಲಿ ಎಲ್ಲಿಂದಲೋ ಇಳಿಸಿಕೊಟ್ಟ. ಕಳ್ಳ ಅಂತ ಅವನನ್ನು ಬೈಯಲೇ? ದುಡ್ಡು ಹಿಡಿದು ನಿಂತಿದ್ದೆ, ತಗೊಳ್ಳೋಕೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹಳೇದು ಬಿಡಿ, ಹೊಸದರ ಗತಿಯೂ ಅಷ್ಟೇ. ರಕ್ಷಿತ್ ಶೆಟ್ಟಿಯಂಥವರ ಸಂಸ್ಥೆಯ ‘ಏಕಂ’ ಸರಣಿಗೇ ಒಟಿಟಿಗಳು ಬಾಗಿಲು ತೆರೆಯಲಿಲ್ಲ. 2024ರಲ್ಲಿ ಅವರು ತಮ್ಮದೇ ಜಾಲತಾಣ ಮಾಡಿ ಬಿಡುಗಡೆ ಮಾಡಬೇಕಾಯ್ತು. ಅವರ ಗತಿಯೇ ಹೀಗಾದರೆ ಹೆಸರಿಲ್ಲದ ಹುಡುಗರ ಸಿನಿಮಾ ಯಾವ ಬಾಗಿಲು ತಟ್ಟಬೇಕು?

ಪೈರಸಿ ವಿರುದ್ಧ ಕಾನೂನು ಬೇಕಾದಷ್ಟಿದೆ. 2014ರಲ್ಲಿ ನಮ್ಮ ಸರ್ಕಾರ ‘ಡಿಜಿಟಲ್ ಅಪರಾಧಿ’ಗಳನ್ನೂ ಗೂಂಡಾ ಕಾಯ್ದೆಯೊಳಗೆ ಸೇರಿಸಿತು. ಪೈರಸಿ ನಿಂತಿತಾ? ಬೀಗ ದೊಡ್ಡದು ಮಾಡುವವರು ಸಿಗುತ್ತಾರೆ, ಬಾಗಿಲು ತೆರೆಯುವವರು ಸಿಗಲ್ಲ. ನಾನು ಕೇಳೋದು ಇಷ್ಟೇ: ಹಕ್ಕು ಇಟ್ಟುಕೊಂಡವರು ಹಳೇ ಕನ್ನಡ ಸಿನಿಮಾಗಳನ್ನು ಒಂದೊಂದಾಗಿ, ವರ್ಷದ ಚಂದಾ ಇಲ್ಲದೆ, ಮುಧೋಳದ ಕಬ್ಬು ಕಡಿಯುವವನೂ ಫೋನಿನಿಂದ ಕೊಡಬಲ್ಲ ಬೆಲೆಗೆ ಮಾರಲಿ. ಡೌನ್‌ಲೋಡ್ ಆದ ಮೇಲೆ ಅದು ಅವನದೇ ಆಗಿರಲಿ. ಆಮೇಲೂ ಕದ್ದರೆ ನಾನೇ ಮೊದಲು ಬೈಯುತ್ತೇನೆ.

ಅದೇ ದೀಪಾವಳಿಗೆ ಅಟ್ಟದ ಡಬ್ಬ ಇಳಿಸಿ, ಹಳೇ ಪ್ಲೇಯರ್ ಒರೆಸಿ ಒಂದು ಡಿಸ್ಕ್ ಹಾಕಿದೆ. ಎರಡು ಸಲ ಕೊಸರಾಡಿ ಓಡಿತು. ಕಂಪನಿ ಮುಚ್ಚಿದೆ, ಅಜ್ಜಿಯೂ ಇಲ್ಲ, ಲೋಗೋ ಮಾತ್ರ ಹಾಗೇ ಬಂತು. ದುಡ್ಡು ಕೊಟ್ಟು ಕೊಂಡದ್ದನ್ನು ಯಾರೂ ವಾಪಸ್ ತಗೊಂಡಿರಲಿಲ್ಲ. ಚಂದಾ ಕಟ್ಟಿದ ಆ್ಯಪಿನಲ್ಲಿ ಹೋದ ತಿಂಗಳು ಇದ್ದ ಸಿನಿಮಾ ಈ ತಿಂಗಳು ಇರುತ್ತೆ ಅನ್ನೋ ಭರವಸೆ ನಿಮಗಿದೆಯಾ?

ಇನ್ನು ಕ್ಯಾಂಟೀನಿನ ಗೆಳೆಯನಿಗೆ ಒಂದು ಮಾತು. ನಮ್ಮ ಕಡೆ ಜನ ದುಡ್ಡು ಕೊಟ್ಟು ನೋಡ್ತಾರೆ ಗುರು. ನೀನು ಮೊದಲು ನನ್ನ ಪಾಸ್‌ವರ್ಡ್ ಬಿಟ್ಟುಕೊಡು.